ಯಂತ್ರದೋಷವೂ ಪ್ರಮಾದವೂ

ಪ್ರಮಾದವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಎಚ್ಚರದಪ್ಪುವುದು, ಮೈಮರೆಯುವುದು ಎಂಬುದೇ ಮುಖ್ಯಾರ್ಥ. ಕನ್ನಡದಲ್ಲಿ ಆ ಶಬ್ದವು ಮೈಮರೆವಿನಿಂದಾದ ತಪ್ಪಿಗೂ, ಆ ತಪ್ಪಿನಿಂದೊದಗಿದ ಕೇಡಿಗೂ ಸಲ್ಲುವುದುಂಟು. ‘ದೊಡ್ಡ ಪ್ರಮಾದವಾಗಿಹೋಯಿತು’ ಎನ್ನುವವನು ಮನಸ್ಸಿನ ಸ್ಥಿತಿಯೊಂದನ್ನು ಹೇಳುತ್ತಿರುವನೋ, ಹೊರಗೆ ನಡೆದ ಸಂಗತಿಯನ್ನು ಹೇಳುತ್ತಿರುವನೋ ಎಂಬುದು ಆ ಮಾತಿನಿಂದ ತಿಳಿಯದು. ಉದ್ಯೋಗಪರ್ವದಲ್ಲಿ ಸನತ್ಸುಜಾತನು ಧೃತರಾಷ್ಟ್ರನಿಗೆ ಉಪದೇಶಿಸುವಾಗ ಪ್ರಮಾದವನ್ನೇ ಮೃತ್ಯುವೆಂದು ಗಣಿಸಿದ್ದಾನೆ. ಆ ಸಂದರ್ಭವು ಆತ್ಮವಿದ್ಯೆಗೆ ಸೇರಿದ್ದು. ಅದನ್ನು ಲೋಕವ್ಯವಹಾರಕ್ಕೆ ಎಳೆದುತರುವುದು ಅಷ್ಟು ಯುಕ್ತವಲ್ಲ. ಆದರೂ ಯಂತ್ರಗಳ ನಡುವೆ ಬಾಳುತ್ತಿರುವ ಜನಕ್ಕೆ ಒಂದು ಪ್ರಶ್ನೆಯು ಮೇಲಿಂದ ಮೇಲೆ ಎದುರಾಗುತ್ತಿರುವುದು. ಯಂತ್ರದ ಒಂದು ಭಾಗವು ಮುರಿದು ಅಪಘಾತವಾದರೆ ಅಲ್ಲಿ ಪ್ರಮಾದವು ಯಾರದು? ಮುರಿದ ಉಕ್ಕಿಗೆ ಮೈಮರೆವೆಂಬುದುಂಟೆ?

ಈ ವಿಚಾರಕ್ಕೆ ಹಳೆಯ ಮಾದರಿಯ ಲಘುವಿಮಾನಗಳು ನೆಲದ ಮೇಲಿರುವಾಗ ಅವುಗಳಿಗೆ ಒದಗುವ ಅಪಘಾತಗಳು ತಕ್ಕ ನಿದರ್ಶನ. ಆಕಾಶದಿಂದ ವಿಮಾನವು ಬಿದ್ದರೆ ಶೋಕವು ವಿಚಾರವನ್ನು ಮುಚ್ಚಿಬಿಡುತ್ತದೆ. ತೀರಿಹೋದವನ ತಪ್ಪನ್ನು ಎಣಿಸುವುದಕ್ಕೆ ಯಾರಿಗೂ ಬಾಯಿ ಬಾರದು. ನೆಲದ ಮೇಲಿನ ಅಪಘಾತದಲ್ಲಾದರೋ ಬಹುಮಟ್ಟಿಗೆ ಚಾಲಕನು ತಾನಾಗಿಯೇ ಇಳಿದು ಬರುತ್ತಾನೆ. ಮಡಿಸಿಕೊಂಡ ಗಾಲಿ, ಬಗ್ಗಿದ ಪ್ರೊಪೆಲ್ಲರು, ಸೀಳಿದ ರೆಕ್ಕೆಯಂಚು ಇಷ್ಟೇ ಉಳಿಯುತ್ತವೆ. ಆದುದರಿಂದ ಇಲ್ಲಿ ತಣ್ಣಗಿನ ಮನಸ್ಸಿನಿಂದ ಯೋಚಿಸಬಹುದು. ವಿಮಾನದ ಚರಿತ್ರೆಯಲ್ಲಿಯೂ ಇದು ಹೊಸದಲ್ಲ. ೧೯೦೩ನೆಯ ಡಿಸೆಂಬರ್ ೧೭ರಂದು ರೈಟ್ ಸಹೋದರರ ಯಂತ್ರವು ನಾಲ್ಕು ಸಲ ಹಾರಿತು. ನಾಲ್ಕನೆಯ ಹಾರಾಟವು ಮುಗಿದು ಅದು ನೆಲದ ಮೇಲೆ ಸುಮ್ಮನೆ ನಿಂತಿದ್ದಾಗ ಗಾಳಿಯು ಅದನ್ನು ಎತ್ತಿ ಉರುಳಿಸಿ ಮುರಿಯಿತು; ಆ ಯಂತ್ರವು ಮತ್ತೆ ಹಾರಲೇ ಇಲ್ಲ. ಅಲ್ಲಿ ದೋಷವು ಯಂತ್ರದ್ದಾಗಿರಲಿಲ್ಲ ನಿಜ. ಆದರೆ ನೆಲವನ್ನು ಮುಟ್ಟಿದೊಡನೆ ಭಯವು ಕಳೆಯಿತೆಂಬ ಭಾವನೆಯು ಎಷ್ಟು ಮಾತ್ರದ್ದೆಂಬುದು ಮೊದಲನೆಯ ದಿನವೇ ತಿಳಿದುಬಂದಿತು.

ಹಳೆಯ ಮಾದರಿಯೆಂದರೆ ಮುಂದೆ ಎರಡು ದೊಡ್ಡ ಗಾಲಿಗಳೂ ಬಾಲದ ತುದಿಯಲ್ಲಿ ಒಂದು ಪುಟ್ಟ ಗಾಲಿಯೂ ಇದ್ದು, ಮೂಗನ್ನು ಮೇಲೆತ್ತಿಕೊಂಡು ನಿಲ್ಲುವ ವಿಮಾನ. ೧೯೩೧ರಲ್ಲಿ ಮೊದಲು ಹಾರಿದ ಇಂಗ್ಲೆಂಡಿನ ಟೈಗರ್ ಮಾತ್ ವಿಮಾನಕ್ಕೆ ಬಾಲದಲ್ಲಿ ಗಾಲಿಯೂ ಇಲ್ಲ, ಜಾರುವ ಊರೆಯೊಂದು ಮಾತ್ರ ಉಂಟು. ೧೯೩೮ರಿಂದ ೧೯೪೭ರವರೆಗೆ ಸುಮಾರು ೨೦,೦೦೦ದಷ್ಟು ತಯಾರಾದ ಅಮೆರಿಕದ ಪೈಪರ್ ಕಬ್ ಬಾಲದ ಗಾಲಿಯದು. ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರಚಿತವಾಗಿ ೧೯೫೧ರಲ್ಲಿ ಹಾರಿದ ಎಚ್.ಟಿ.-೨ ಮತ್ತು ಅದೇ ಕಾರ್ಖಾನೆಯಿಂದ ೧೯೫೮ರಲ್ಲಿ ಹಾರಿದ ಪುಷ್ಪಕ, ಇವೂ ಅದೇ ಜಾತಿಯವು. ವಾಲ್ಮೀಕಿಯ ಪುಷ್ಪಕವು ವಾನರಸೇನೆಯನ್ನೆಲ್ಲ ಹತ್ತಿಸಿಕೊಂಡಿತು. ಬೆಂಗಳೂರಿನ ಪುಷ್ಪಕದಲ್ಲಿ ಇಬ್ಬರಿಗೆ ಮಾತ್ರ ಎಡೆ. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆಯಿದ್ದಿರಬೇಕು. ೧೯೫೦ರ ದಶಕದಿಂದೀಚೆಗೆ ಲಘುವಿಮಾನಗಳಿಗೆ ಮೂಗಿನ ಕೆಳಗೆ ಗಾಲಿಯನ್ನಿಡುವುದೇ ವಾಡಿಕೆಯಾಯಿತು. ಆದರೂ ಹಳೆಯವನ್ನು ಪ್ರೀತಿಯಿಂದ ಕಾಪಾಡಿ ಹಾರಿಸುವವರೂ, ಹಳೆಯ ಆಕಾರದಲ್ಲಿಯೇ ಹೊಸದನ್ನು ಕಟ್ಟುವವರೂ ಇಂದಿಗೂ ಹಲವು ದೇಶಗಳಲ್ಲಿ ಇದ್ದಾರೆ.

ಬಾಲದ ಗಾಲಿಯ ವಿಮಾನಕ್ಕೆ ನೆಲದ ಮೇಲೆ ಒಂದು ಸಹಜವಾದ ಚಾಂಚಲ್ಯವುಂಟು. ಅದರ ಭಾರದ ಕೇಂದ್ರವು ಮುಂದಿನ ಎರಡು ಗಾಲಿಗಳಿಗಿಂತ ಹಿಂದೆ ಇರುತ್ತದೆ. ಕೈಗಾಡಿಯನ್ನು ಹಿಂದೆ ಬರುವಂತೆ ಎಳೆದುಕೊಂಡು ಹೋದರೆ ಅದು ತಾನಾಗಿ ನೆಟ್ಟಗೆ ಬರುವುದು. ಅದನ್ನೇ ಹಿಂದಿನಿಂದ ತಳ್ಳಿಕೊಂಡು ಹೋದರೆ ಕೊಂಚ ಓರೆಯಾದರೂ ಇನ್ನಷ್ಟು ಓರೆಯಾಗುತ್ತ ಹೋಗುವುದು. ಮೂಗಿನ ಗಾಲಿಯ ವಿಮಾನವು ಎಳೆಯುವ ಗಾಡಿಯಂತೆ. ಬಾಲದ ಗಾಲಿಯದು ತಳ್ಳುವ ಗಾಡಿಯಂತೆ. ಓಡುತ್ತಿರುವಾಗ ಬಾಲವು ಒಂದು ಕಡೆಗೆ ಸರಿಯಿತೆಂದರೆ ಹಿಂದಿನ ಭಾರವು ಮುಂದಿನದನ್ನು ಮೀರಿ ಬರಲು ಯತ್ನಿಸುತ್ತದೆ. ಚಾಲಕನು ಕ್ಷಣಮಾತ್ರದಲ್ಲಿ ಕಾಲಿನಿಂದ ಚುಕ್ಕಾಣಿಯನ್ನು ಒತ್ತಿ ತಿದ್ದಬೇಕು. ತಿದ್ದದಿದ್ದರೆ ವಿಮಾನವು ಬುಗುರಿಯಂತೆ ಸುತ್ತಿಕೊಳ್ಳುವುದು, ಹೊರಮೈಯ ರೆಕ್ಕೆ ತಗ್ಗಿ ನೆಲಕ್ಕೆ ಬಡಿಯುವುದು, ಆ ಕಡೆಯ ಗಾಲಿಯ ಕಾಲು ಅಡ್ಡಭಾರವನ್ನು ತಾಳದೆ ಮಡಿಸಿಕೊಳ್ಳುವುದು. ವೈಮಾನಿಕರು ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ.

ಇಷ್ಟು ಸೂಕ್ಷ್ಮವಾದ ಸಮತೋಲವು ಕೆಲವು ಅಲ್ಪವಾದ ವಸ್ತುಗಳನ್ನು ನಂಬಿಕೊಂಡಿದೆ. ಚುಕ್ಕಾಣಿಗೂ ಬಾಲದ ಗಾಲಿಗೂ ನಡುವೆ ಸಂಬಂಧ ಕಲ್ಪಿಸುವ ಎರಡು ಪುಟ್ಟ ಸ್ಪ್ರಿಂಗುಗಳಲ್ಲಿ ಒಂದು ಕಳಚಿದರೆ ಸಾಕು. ಆ ಗಾಲಿಯನ್ನು ಹೊತ್ತ ಉಕ್ಕಿನ ಪಟ್ಟಿಯು ಬೋಲ್ಟಿನ ರಂಧ್ರದ ಬಳಿ, ಮೇಲಿನ ಹಿಡಿಕೆಯ ಮರೆಯಲ್ಲಿ ಸೀಳುಬಿಡಬಹುದು. ಒಂದು ಕಡೆಯ ಬ್ರೇಕು ಹಿಡಿದುಕೊಂಡು ಇನ್ನೊಂದು ಕಡೆಯದು ಹಿಡಿಯದೆ ಹೋಗಬಹುದು. ಕಬ್ ಮೊದಲಾದ ವಿಮಾನಗಳಲ್ಲಿ ಗಾಲಿಗಳು ನೆಲದ ಪೆಟ್ಟನ್ನು ತಾಳಿಕೊಳ್ಳುವುದು ರಬ್ಬರಿನ ಎಳೆಗಳನ್ನು ಒಟ್ಟುಗೂಡಿಸಿ ನೂಲಿನ ಹೊದಿಕೆ ಹಾಕಿದ ಹಗ್ಗಗಳಿಂದ. ರಬ್ಬರು ವಿಮಾನವು ಹಾರಿದರೂ ಹಳತಾಗುತ್ತದೆ, ಕೊಟ್ಟಿಗೆಯಲ್ಲಿ ನಿಂತಿದ್ದರೂ ಹಳತಾಗುತ್ತದೆ. ಹೊದಿಕೆಯು ಒಳಗಿನ ಎಳೆಗಳನ್ನು ಮುಚ್ಚಿರುವುದರಿಂದ ಅದರ ವಾರ್ಧಕ್ಯವು ಹೊರಗಿನವರಿಗೆ ಕಾಣಿಸದು. ಇದನ್ನರಿತವರು ಒಂದು ಉಪಾಯವನ್ನು ಮಾಡಿದ್ದಾರೆ: ಹೊದಿಕೆಯಲ್ಲಿ ಬಣ್ಣದ ನೂಲುಗಳನ್ನು ಸೇರಿಸಿ ನೇಯುತ್ತಾರೆ, ಯಾವ ಬಣ್ಣ ಯಾವ ವರ್ಷದ್ದೆಂಬುದಕ್ಕೆ ಪಟ್ಟಿಯುಂಟು. ಹಗ್ಗವು ತನ್ನ ವಯಸ್ಸನ್ನು ತಾನೇ ಹೇಳುತ್ತಿರುವುದು. ಓದತಕ್ಕವನು ಬಗ್ಗಿ ನೋಡಬೇಕಷ್ಟೆ.

ಎಲ್ಲಕ್ಕಿಂತ ಭಯಂಕರವಾದುದು ಒಂದು ತಂತಿಯ ಸಂಗತಿ. ಈ ವಿಮಾನಗಳಲ್ಲಿ ಹಲವಕ್ಕೆ ವಿದ್ಯುತ್ತಿನ ಚಾಲಕಯಂತ್ರವಿಲ್ಲ. ಒಬ್ಬನು ಎದುರಿಗೆ ನಿಂತು ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ಎಂಜಿನನ್ನು ಎಚ್ಚರಿಸಬೇಕು. ಕಿಡಿಯನ್ನು ಕೊಡುವ ಮ್ಯಾಗ್ನೆಟೋ ಎಂಬ ಉಪಕರಣಕ್ಕೆ ಬ್ಯಾಟರಿಯು ಬೇಕಿಲ್ಲ. ತಿರುಗಿದರೆ ಸಾಕು, ಕಿಡಿ ಹುಟ್ಟುವುದು. ಸ್ವಿಚ್ಚನ್ನು ಮುಚ್ಚುವುದೆಂದರೆ ಅದರ ವಿದ್ಯುತ್ತನ್ನು ಒಂದು ತಂತಿಯ ಮೂಲಕ ಎಂಜಿನಿನ ಮೈಗೆ ಹರಿಯಬಿಟ್ಟು ವ್ಯರ್ಥಮಾಡುವುದು ಎಂದರ್ಥ. ಮನೆಯ ದೀಪದ ತಂತಿ ಕಡಿದರೆ ದೀಪ ಆರುತ್ತದೆ; ಇಲ್ಲಿ ತಂತಿ ಕಡಿದರೆ ಕಿಡಿ ಆರುವುದೇ ಇಲ್ಲ. ಸ್ವಿಚ್ಚು ಮುಚ್ಚಿದೆಯೆಂದು ತೋರಿಸುತ್ತಿರುವಾಗಲೂ ಮ್ಯಾಗ್ನೆಟೋ ಜೀವಂತವಾಗಿರುತ್ತದೆ. ಬಿಸಿಯಾದ ಎಂಜಿನಿನಲ್ಲಿ ಕೊಂಚ ಪೆಟ್ರೋಲು ಉಳಿದಿದ್ದು, ಯಾರಾದರೂ ಸುಮ್ಮನೆ ಪ್ರೊಪೆಲ್ಲರನ್ನು ಪಕ್ಕಕ್ಕೆ ಸರಿಸಿದರೆ ಅದು ಸಿಡಿದು ತಿರುಗಬಹುದು. ಗಾಲಿಗಳಿಗೆ ಮರದ ತುಂಡುಗಳನ್ನು ಅಡ್ಡ ಕೊಡದೆ, ಒಳಗೆ ಯಾರೂ ಕುಳಿತಿಲ್ಲದೆ ಎಂಜಿನು ಹೊತ್ತಿಕೊಂಡ ವಿಮಾನಗಳು ತಾವಾಗಿಯೇ ಮೈದಾನದಲ್ಲಿ ಓಡಿಹೋದದ್ದೂ ಉಂಟು. ನೆಲದ ಮೇಲಿನ ಅಪಘಾತಗಳಲ್ಲಿ ಪ್ರಾಣವು ಉಳಿಯುವುದೇ ಸಾಮಾನ್ಯವೆಂಬ ಮೇಲಿನ ಮಾತು ಪ್ರೊಪೆಲ್ಲರಿನ ವಿಷಯದಲ್ಲಿ ಸಲ್ಲದು.

ಇನ್ನು ವಿಚಾರಕ್ಕೆ ಬರಬಹುದು. ಒಂದು ಪಕ್ಷದವರು ಹೇಳುವರು: ಸ್ಪ್ರಿಂಗು ಮುರಿಯಿತು, ವಿಮಾನ ಸುತ್ತಿಕೊಂಡಿತು; ಇದರಲ್ಲಿ ಮನುಷ್ಯನದೇನು? ಯಂತ್ರದೋಷವೆಂದು ಬರೆದು ಮುಗಿಸಬೇಕು ಎಂದು. ಈ ಮಾತಿನಲ್ಲಿ ಸಮಾಧಾನವಿದೆ, ಅರ್ಥವು ಕಡಿಮೆ. ದೋಷವೆಂಬುದು ಮಾಡಬೇಕಾದುದನ್ನು ಮಾಡದಿರುವವನಿಗೆ ಅಂಟತಕ್ಕದ್ದು. ಉಕ್ಕಿಗೆ ಮಾಡಬೇಕಾದುದೆಂಬುದಿಲ್ಲ. ಭಾರ ಬಿದ್ದಷ್ಟು ಸಲವೂ ಅದು ತನ್ನ ಸ್ವಭಾವಕ್ಕನುಸಾರವಾಗಿ ಬಾಗಿತು, ಸಹಸ್ರಾರು ಸಲ ಬಾಗಿದ ಮೇಲೆ ತನ್ನ ಸ್ವಭಾವಕ್ಕನುಸಾರವಾಗಿಯೇ ಸೀಳಿತು.

ಎರಡನೆಯ ಪಕ್ಷದವರು ಇದಕ್ಕೆ ತೀರ ವಿರುದ್ಧವಾಗಿ, ಜಡಕ್ಕೆ ದೋಷವಿಲ್ಲವಾದರೆ ಸಕಲವೂ ಮನುಷ್ಯನ ದೋಷವೇ, ಚುಕ್ಕಾಣಿಯನ್ನು ಹಿಡಿದವನೇ ಹೊಣೆ ಎನ್ನುವರು. ಇದು ಕಠಿನವಾದ ಮಾತು; ಕಠಿನವಾದುದೆಂಬ ಕಾರಣದಿಂದಲೇ ಹಲವರಿಗೆ ಅದು ಸತ್ಯದಂತೆ ತೋರುವುದು. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಪ್ರತಿಯೊಂದು ಕರ್ಮಕ್ಕೂ ಐದು ಕಾರಣಗಳನ್ನು ಹೇಳಿದೆ: ಅಧಿಷ್ಠಾನ, ಕರ್ತೃ, ಬಗೆಬಗೆಯ ಕರಣಗಳು, ಬೇರೆಬೇರೆಯ ಚೇಷ್ಟೆಗಳು, ಐದನೆಯದಾಗಿ ದೈವ. ಹೀಗಿರುವಲ್ಲಿ ತಾನೊಬ್ಬನೇ ಕರ್ತೃವೆಂದು ನೋಡುವವನು ಸರಿಯಾಗಿ ನೋಡುವವನಲ್ಲವೆಂದೂ ಅಲ್ಲಿಯೇ ಹೇಳಿದೆ. ಈ ಉಪದೇಶವನ್ನು ಸಾಮಾನ್ಯವಾಗಿ ಅಹಂಕಾರಿಗಳಿಗೆ ಹೇಳುವುದು ರೂಢಿ. ಆದರೆ ಅಪಘಾತವಾದ ಮೇಲೆ ಎಲ್ಲವನ್ನೂ ತನ್ನ ಮೇಲೆ, ಅಥವಾ ಒಬ್ಬ ಚಾಲಕನ ಮೇಲೆ ಹೊರಿಸುವುದೂ ಅದೇ ತಪ್ಪಿನ ಇನ್ನೊಂದು ಮುಖವಲ್ಲವೆ? ಉಕ್ಕನ್ನು ಎರಕಹೊಯ್ದವರು, ರಂಧ್ರವನ್ನು ಕೊರೆದವರು, ಹಿಂದಿನ ವರ್ಷ ಪರೀಕ್ಷಿಸಿ ಸಹಿ ಹಾಕಿದವರು, ಆ ದಿನ ಅಡ್ಡಲಾಗಿ ಬೀಸಿದ ಗಾಳಿ, ಇವೆಲ್ಲವನ್ನೂ ಅಳಿಸಿ ಒಬ್ಬನನ್ನು ಮಾತ್ರ ಉಳಿಸಿಕೊಳ್ಳುವುದು ನ್ಯಾಯದಂತೆ ಕಂಡರೂ ಆಲಸ್ಯವೇ.

ಹಾಗಾದರೆ ಗೆರೆಯನ್ನು ಎಲ್ಲಿ ಎಳೆಯಬೇಕು? ಟೈಗರ್ ಮಾತ್ ವಿಮಾನವು ಈ ಸ್ಥಳದಲ್ಲಿ ಒಂದು ಬೆಳಕನ್ನು ಕೊಡುತ್ತದೆ. ಅದರ ಸಾಮಾನ್ಯ ರೂಪದಲ್ಲಿ ಬ್ರೇಕೇ ಇಲ್ಲ. ಹುಲ್ಲಿನ ಮೈದಾನದಲ್ಲಿ ಬಾಲದ ಊರೆಯು ನೆಲವನ್ನು ಕೆರೆದುಕೊಂಡು ಬಂದು ವೇಗವನ್ನು ಕಡಿಮೆಮಾಡಿ ಬಾಲವನ್ನೂ ನೆಟ್ಟಗಿಡುವುದು. ಗಾಳಿ ಹೆಚ್ಚಾಗಿದ್ದರೆ ಇಬ್ಬರು ಸಹಾಯಕರು ರೆಕ್ಕೆಯ ತುದಿಗಳನ್ನು ಹಿಡಿದು ನಡೆಸುವರು. ಬ್ರೇಕಿಲ್ಲದಿರುವುದು ಆ ವಿಮಾನದ ದೋಷವೆಂದು ಯಾರೂ ಹೇಳರು. ಇನ್ನೊಂದು ವಿಮಾನದಲ್ಲಿ ಬ್ರೇಕು ಇದೆ. ಅದು ಒಂದು ದಿನ ಹಿಡಿಯಲಿಲ್ಲ. ಆಗ ಅದು ದೋಷವೆನಿಸುವುದು. ಎರಡು ಕಡೆಯೂ ಆ ಕ್ಷಣದಲ್ಲಿ ಇರುವುದು ಬ್ರೇಕಿನ ಅಭಾವವೇ. ಭೇದವೆಲ್ಲಿ? ಒಂದು ಕಡೆ ಅಭಾವವು ತಿಳಿದಿದೆ, ಅದಕ್ಕೆ ತಕ್ಕಂತೆ ನಡತೆಯು ರೂಪುಗೊಂಡಿದೆ. ಇನ್ನೊಂದು ಕಡೆ ಉಂಟೆಂಬ ನಂಬಿಕೆಯಿದೆ, ವಸ್ತುವಿಲ್ಲ. ಆದುದರಿಂದ ಯಂತ್ರದೋಷವೆಂಬುದು ಯಂತ್ರದಲ್ಲಿ ಮಾತ್ರ ಇರತಕ್ಕದ್ದಲ್ಲ. ಯಂತ್ರಕ್ಕೂ ಅದನ್ನು ನಂಬಿದವನ ಭಾವನೆಗೂ ನಡುವೆ ಬಿದ್ದ ಬಿರುಕು ಅದು. ಉಕ್ಕಿನ ಪಟ್ಟಿಯು ಸವೆಯುವುದು ಪ್ರಕೃತಿ. ಅದು ಸವೆದಿಲ್ಲವೆಂದು ಪರೀಕ್ಷಿಸದೆ ನಂಬುವುದು ಪ್ರಮಾದ.

ಚರಕನು ವ್ಯಾಧಿಗಳ ಕಾರಣವನ್ನು ವಿಚಾರಿಸುವಾಗ ಪ್ರಜ್ಞಾಪರಾಧವೆಂಬ ಒಂದನ್ನು ಹೇಳುತ್ತಾನೆ. ಬುದ್ಧಿ, ಧೃತಿ, ಸ್ಮೃತಿ ಈ ಮೂರೂ ಜಾರಿದಾಗ ಮಾಡಿದ ಕರ್ಮವು ಪ್ರಜ್ಞಾಪರಾಧ. ವಿಮಾನದ ಬಳಿ ನಿಂತು ಇದನ್ನು ಯೋಚಿಸಿದರೆ ಮೂರೂ ಸ್ಪಷ್ಟವಾಗಿ ಕಾಣುವುವು. ಮ್ಯಾಗ್ನೆಟೋ ತಂತಿಯ ಗುಣವನ್ನೇ ತಿಳಿಯದವನು ಬುದ್ಧಿಯಲ್ಲಿ ಜಾರಿದವನು. ತಿಳಿದಿದ್ದೂ ಗಾಲಿಗೆ ಅಡ್ಡ ಕೊಡುವುದನ್ನು ಮರೆತವನು ಸ್ಮೃತಿಯಲ್ಲಿ ಜಾರಿದವನು. ರಬ್ಬರಿನ ಹಗ್ಗದ ಬಣ್ಣದ ನೂಲನ್ನು ನೋಡಿ ಅದರ ಕಾಲವು ಮುಗಿದಿದೆಯೆಂದು ಅರಿತು, ಅರಿತದ್ದು ನೆನಪಿನಲ್ಲಿಯೂ ಇದ್ದು, ಬೆಳಗ್ಗೆ ಮೋಡವಿಲ್ಲ, ಗಾಳಿಯಿಲ್ಲ, ಇದೊಂದು ಸಲ ಹೋಗಿಬರೋಣವೆಂದು ಹೊರಟವನು ಧೃತಿಯಲ್ಲಿ ಜಾರಿದವನು. ಈ ಮೂವರಲ್ಲಿ ಮೂರನೆಯವನೇ ಹೆಚ್ಚು ಹೊಣೆಗಾರನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಪಘಾತವಾದ ಮೇಲೆ ಮೂವರೂ ‘ಯಂತ್ರ ಕೈಕೊಟ್ಟಿತು’ ಎಂಬ ಒಂದೇ ಮಾತಿನ ಹಿಂದೆ ನಿಲ್ಲುವರು. ಹಿಡಿಕೆಯ ಮರೆಯಲ್ಲಿದ್ದ ಸೀಳನ್ನು ಯಾವ ಕಣ್ಣಿನಿಂದಲೂ ಕಾಣಲಾರದೆ ಹೋದವನು ನಾಲ್ಕನೆಯವನು. ಅವನು ಮಾತ್ರ ಆ ಮಾತಿಗೆ ಅರ್ಹನು.

ಇಲ್ಲಿಯವರೆಗೆ ಅಪಘಾತಕ್ಕೆ ಹಿಂದಿನ ನಡತೆಯ ಮಾತಾಯಿತು. ಅದರ ತರುವಾಯದ ನಡತೆಯು ಇದಕ್ಕಿಂತ ಹೆಚ್ಚಿನ ವಿಚಾರಕ್ಕೆ ಯೋಗ್ಯ. ನೆಲದ ಮೇಲಿನ ಅಪಘಾತವನ್ನು ಮುಚ್ಚಿಡುವುದು ಅಷ್ಟು ಸುಲಭ. ಆಕಾಶದಿಂದ ಬಿದ್ದುದನ್ನು ಊರೆಲ್ಲ ನೋಡುವುದು. ಸಂಜೆಯ ಹೊತ್ತಿನಲ್ಲಿ ಯಾವುದೋ ಮೈದಾನದ ಮೂಲೆಯಲ್ಲಿ ಸುತ್ತಿಕೊಂಡು ರೆಕ್ಕೆಯ ತುದಿಯನ್ನು ಕೆರೆದುಕೊಂಡ ವಿಮಾನವನ್ನು ಕಂಡವರು ಇಬ್ಬರೋ ಮೂವರೋ. ಕಾನೂನು ಕೂಡ ಇಂಥದನ್ನು ದೊಡ್ಡದಾಗಿ ಗಣಿಸುವುದಿಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯ ನಿಯಮದಲ್ಲಿ ಗಾಲಿ, ಗಾಲಿಯ ಕಾಲು, ಟೈರು, ಬ್ರೇಕು, ರೆಕ್ಕೆಯ ತುದಿ, ನೆಲಕ್ಕೆ ತಗುಲಿ ಕೆಟ್ಟ ಪ್ರೊಪೆಲ್ಲರು, ಇಷ್ಟಕ್ಕೆ ಮಾತ್ರ ಆದ ಹಾನಿಯನ್ನು ಗಣನೀಯ ಹಾನಿಯೆಂದು ಎಣಿಸುವುದಿಲ್ಲ. ಗ್ರೌಂಡ್ ಲೂಪಿನಲ್ಲಿ ಸಾಮಾನ್ಯವಾಗಿ ಕೆಡುವುದು ಇವೇ ಅಲ್ಲವೆ? ಯಾರಿಗೂ ಪೆಟ್ಟಾಗದಿದ್ದರೆ ಶಾಸನದ ದೃಷ್ಟಿಯಲ್ಲಿ ಅಲ್ಲಿ ಅಪಘಾತವೇ ನಡೆದಿಲ್ಲವೆಂದಾಗಬಹುದು. ನಿಯಮವನ್ನು ಮಾಡಿದವರ ಮೇಲೆ ತಪ್ಪು ಹೊರಿಸಬೇಕಾದುದಿಲ್ಲ; ಬಾಗಿದ ಪ್ರತಿಯೊಂದು ತಗಡಿಗೂ ವಿಚಾರಣೆ ನಡೆಸುವುದು ಸಾಧ್ಯವಿಲ್ಲ. ಶಾಸನವು ಎಲ್ಲಿ ನಿಲ್ಲುವುದೋ ಅಲ್ಲಿಂದ ಮುಂದಿನದು ಮನುಷ್ಯನ ಧರ್ಮಕ್ಕೆ ಬಿಟ್ಟದ್ದು.

ರೆಕ್ಕೆಯ ತುದಿಯ ಪೆಟ್ಟು ತುದಿಯಲ್ಲಿಯೇ ನಿಲ್ಲುವುದೆಂಬ ನಂಬಿಕೆಯೂ ಇಲ್ಲ. ಈ ವಿಮಾನಗಳಲ್ಲಿ ಹಲವದರ ರೆಕ್ಕೆಯೊಳಗೆ ಉದ್ದಕ್ಕೂ ಮರದ ತೊಲೆಗಳಿವೆ. ತುದಿಯು ನೆಲಕ್ಕೆ ಬಡಿದಾಗ ಆ ವೇಗವು ತೊಲೆಯೊಳಕ್ಕೆ ಹರಿದು, ಎಲ್ಲಿಯೋ ಒಂದು ಕಡೆ ಮರದ ಎಳೆಗಳು ಅಡ್ಡಲಾಗಿ ಅದುಮಿ ಸುಕ್ಕಾಗಬಹುದು. ಆ ಗೆರೆಯು ಕೂದಲೆಳೆಯಷ್ಟು ತೆಳುವಾದುದು. ಮೇಲೆ ಬಟ್ಟೆಯ ಹೊದಿಕೆ. ಅಮೆರಿಕದ ವಿಮಾನಯಾನಾಧಿಕಾರಿಗಳು ಸಿಟಾಬ್ರಿಯ ಮೊದಲಾದ ಬಾಲಗಾಲಿಯ ವಿಮಾನಗಳ ಮರದ ತೊಲೆಗಳನ್ನು ಇಂಥ ಬಿರುಕುಗಳಿಗಾಗಿ ಪರೀಕ್ಷಿಸಬೇಕೆಂದು ೧೯೯೮ರಲ್ಲಿಯೂ ಮತ್ತೆ ೨೦೦೦ದಲ್ಲಿಯೂ ಆಜ್ಞೆ ಹೊರಡಿಸಬೇಕಾಯಿತು. ರೆಕ್ಕೆಗೆ ಪೆಟ್ಟಾದ ಪ್ರತಿಯೊಂದು ಸಂದರ್ಭದ ತರುವಾಯವೂ ನೋಡಬೇಕೆಂದು ವಿಧಿಸಿದರು.

ಒಬ್ಬ ಗೃಹಸ್ಥನಿದ್ದಾನೆಂದು ಇಟ್ಟುಕೊಳ್ಳಬಹುದು. ಅವನ ವಿಮಾನದ ಬಾಲದ ಸ್ಪ್ರಿಂಗು ಕಳಚಿತು, ವಿಮಾನ ಸುತ್ತಿಕೊಂಡಿತು, ರೆಕ್ಕೆಯ ತುದಿಯ ಬಟ್ಟೆ ಹರಿಯಿತು. ಸ್ಪ್ರಿಂಗನ್ನು ಬದಲಾಯಿಸಿದನು, ಬಟ್ಟೆಗೆ ತೇಪೆ ಹಾಕಿಸಿ ಬಣ್ಣ ಬಳಿಸಿದನು. ವಿಮಾನದ ಲಾಗ್ ಪುಸ್ತಕದಲ್ಲಿ ‘ರೆಕ್ಕೆಯ ಬಟ್ಟೆಯ ದುರಸ್ತಿ’ ಎಂದಷ್ಟೇ ಬರೆಸಿದನು. ಆ ಮಾತು ಸುಳ್ಳಲ್ಲ. ಎರಡು ವರ್ಷಗಳ ಮೇಲೆ ವಿಮಾನವನ್ನು ಮಾರಿದನು. ಕೊಂಡವನು ಅದನ್ನು ಆಕಾಶಕ್ಕೆ ಒಯ್ಯುವನು. ಮೊದಲನೆಯವನು ಅಸತ್ಯವನ್ನು ನುಡಿಯಲಿಲ್ಲ; ಯಾರನ್ನೂ ಕೊಲ್ಲಬೇಕೆಂದಿರಲಿಲ್ಲ; ತೊಲೆಯಲ್ಲಿ ಬಿರುಕಿದೆಯೆಂದು ಅವನಿಗೆ ಗೊತ್ತೂ ಇಲ್ಲ. ಆದರೆ ಬಿರುಕಿರಬಹುದೆಂದು ಸಂದೇಹಿಸುವುದಕ್ಕೆ ಬೇಕಾದ ಒಂದೇ ಒಂದು ಸಂಗತಿಯು ಅವನೊಬ್ಬನ ಬಳಿಯಲ್ಲಿ ಇತ್ತು. ಸ್ಪ್ರಿಂಗು ಕಳಚಿದುದಕ್ಕೆ ಅವನನ್ನು ಪೂರ್ತಿಯಾಗಿ ಕ್ಷಮಿಸಬಹುದು. ಮೌನಕ್ಕೆ ಕ್ಷಮೆಯನ್ನು ಹುಡುಕುವುದು ಕಷ್ಟ. ಆ ಮೌನದ ದಿನದಿಂದ ರೆಕ್ಕೆಯಲ್ಲಿರುವುದು ಯಂತ್ರದೋಷವಲ್ಲ.

ಮೌನದಿಂದ ಇನ್ನೊಂದು ನಷ್ಟವೂ ಉಂಟು. ಹೊಗೆಯಿಂದ ಬೆಂಕಿಯನ್ನು ಊಹಿಸಬೇಕಾದರೆ ಎರಡೂ ಒಟ್ಟಿಗಿರುವುದನ್ನು ಮೇಲಿಂದ ಮೇಲೆ ಕಂಡಿರಬೇಕು. ನೈಯಾಯಿಕರು ಇದನ್ನು ಭೂಯೋದರ್ಶನವೆನ್ನುವರು. ಒಂದು ಬಗೆಯ ಸ್ಪ್ರಿಂಗು ಇಷ್ಟು ಕಾಲದ ಮೇಲೆ ಕಳಚುವುದೆಂದು ತಿಳಿಯಬೇಕಾದರೆ ಅದು ಕಳಚಿದ ಅನೇಕ ಸಂದರ್ಭಗಳು ಒಂದು ಕಡೆ ಸೇರಬೇಕು. ಹತ್ತು ಊರುಗಳಲ್ಲಿ ಹತ್ತು ಜನ ತಮ್ಮ ತಮ್ಮ ಸ್ಪ್ರಿಂಗುಗಳನ್ನು ಸದ್ದಿಲ್ಲದೆ ಬದಲಾಯಿಸಿಕೊಂಡರೆ ಹನ್ನೊಂದನೆಯವನಿಗೆ ಅದು ಆಕಸ್ಮಿಕವಾಗಿಯೇ ಕಾಣುವುದು. ಅವನು ಅದನ್ನು ದೈವವೆನ್ನುವನು.

ಇದಕ್ಕೆ ಒಂದು ಆಕ್ಷೇಪವು ಬರತಕ್ಕದ್ದೇ. ಹೇಳಿದವನಿಗೆ ದಂಡನೆಯೂ ಅಪಕೀರ್ತಿಯೂ ಒದಗುವುದಾದರೆ ಯಾರು ಹೇಳಿಯಾರು? ೧೯೪೪ರ ಶಿಕಾಗೋ ಒಪ್ಪಂದಕ್ಕೆ ಸೇರಿದ ಹದಿಮೂರನೆಯ ಅನುಬಂಧವು ೧೯೫೧ರಲ್ಲಿ ಮೊದಲು ಅಂಗೀಕೃತವಾಯಿತು. ಅಪಘಾತದ ತನಿಖೆಯ ಏಕೈಕ ಉದ್ದೇಶವು ಮುಂದೆ ಅಂಥದು ನಡೆಯದಂತೆ ತಡೆಯುವುದೇ ಹೊರತು ತಪ್ಪನ್ನಾಗಲಿ ಹೊಣೆಯನ್ನಾಗಲಿ ಹಂಚುವುದಲ್ಲವೆಂದು ಅದರಲ್ಲಿ ಹೇಳಿದೆ. ಇದನ್ನು ಕೇಳಿ ಕೆಲವರು ಧರ್ಮಬುದ್ಧಿಯುಳ್ಳವರೇ ಅಸಮಾಧಾನಪಡುವರು. ತಪ್ಪಿಗೆ ಶಿಕ್ಷೆಯಿಲ್ಲವಾದರೆ ಧರ್ಮವೆಲ್ಲಿ ಎನ್ನುವರು. ಶಿಕ್ಷೆಯ ಸ್ಥಾನವನ್ನು ಅನುಬಂಧವು ತೆಗೆದುಹಾಕಿಲ್ಲ. ನ್ಯಾಯಾಲಯಗಳು ತಮ್ಮ ಎಡೆಯಲ್ಲಿ ಇದ್ದೇ ಇವೆ. ಸತ್ಯವನ್ನು ಕೇಳುವವನೂ ದಂಡವನ್ನು ಹಿಡಿದವನೂ ಒಬ್ಬನೇ ಆಗಿರಬಾರದೆಂಬುದು ಅದರ ಅಭಿಪ್ರಾಯ. ನಮ್ಮ ಧರ್ಮಶಾಸ್ತ್ರಕ್ಕೂ ಇದು ಹೊರತಾದುದಲ್ಲ. ಪಾಪದಿಂದ ಬಿಡುಗಡೆಯಾಗುವ ಉಪಾಯಗಳನ್ನು ಎಣಿಸುವಲ್ಲಿ ಮನುವು ತಪಸ್ಸಿಗೂ ದಾನಕ್ಕೂ ಮುಂಚೆ ಖ್ಯಾಪನವನ್ನು, ಎಂದರೆ ಮಾಡಿದ್ದನ್ನು ಬಾಯಿಬಿಟ್ಟು ಹೇಳುವುದನ್ನು, ಇಟ್ಟಿದ್ದಾನೆ.

ಆದರೆ ಈ ವಿಷಯದಲ್ಲಿ ಹೇಳುವವನ ಕರ್ತವ್ಯವನ್ನು ಮಾತ್ರ ಎತ್ತಿ ಹಿಡಿದು, ಕೇಳುವವನದನ್ನು ಮರೆಯುವುದುಂಟು. ಪೆಟ್ಟಾದ ಚರಿತ್ರೆಯನ್ನು ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆಸಿ, ತೊಲೆಯನ್ನು ಬಿಚ್ಚಿಸಿ ನೋಡಿಸಿ, ಏನೂ ಇಲ್ಲವೆಂದು ಪರೀಕ್ಷಕರ ಸಹಿ ಪಡೆದ ವಿಮಾನವನ್ನು ಕೊಳ್ಳಬಂದವನು ಆ ಪುಟವನ್ನೇ ತೋರಿಸಿ ಬೆಲೆಯನ್ನು ಇಳಿಸುವನು. ಪುಟವು ಖಾಲಿಯಿರುವ ಪಕ್ಕದ ವಿಮಾನಕ್ಕೆ ಸಂತೋಷದಿಂದ ಹೆಚ್ಚು ಹಣ ಕೊಡುವನು. ಆ ಖಾಲಿ ಪುಟಕ್ಕೆ ಅವನು ಕೊಟ್ಟ ಹಣವೇ ಇನ್ನೊಬ್ಬ ಗೃಹಸ್ಥನಿಗೆ ಮುಂದಿನ ಸಲ ಏನನ್ನು ಬರೆಸಬೇಕು, ಏನನ್ನು ಬರೆಸಬಾರದು ಎಂಬುದನ್ನು ಕಲಿಸಿಕೊಡುತ್ತದೆ.